ವೈನೋ ಹಕಲಾ ತುಂಬಿದ ಐದು ಕಾಡತೂಸುಗಳು

ನವೆಂಬರ್ ಹದಿನಾರು, ಮಂಗಳವಾರ. ಬೆಳಗ್ಗೆ ಹತ್ತು ಗಂಟೆಗೆ ಐಲಿ ಹಕಲಾ ಬರ್ಚ್ ಲ್ಯಾಂಡಿಂಗ್ ಊರಿನ ಶೆರಿಫ್ ಠಾಣೆಯ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಬೂಟಿಗೆ ಮೆತ್ತಿದ್ದ ಹಿಮವನ್ನು ಚಾಪೆಗೆ ಒರೆಸಿ, ತನ್ನ ಗಂಡನನ್ನು ಕೊಂದವನ ಮೇಲೆ ದೂರು ಬರೆದುಕೊಳ್ಳಬೇಕು ಎಂದಳು. ಗಂಡ ಸತ್ತು ಒಂದು ದಿನವಷ್ಟೇ ಆಗಿತ್ತು.

ಠಾಣೆಯಲ್ಲಿ ಇದ್ದವರು ಇಬ್ಬರೇ. ಮಿಷಿಗನ್ನಿನ ಈ ಉತ್ತರದ ಮೂಲೆಯಲ್ಲಿ ಹದಿನೈದನೇ ತಾರೀಕು ಜಿಂಕೆ ಬೇಟೆ ಶುರುವಾಯಿತೆಂದರೆ ಶಾಲೆಗೆ ರಜೆ, ಗ್ಯಾರೇಜಿಗೆ ಬೀಗ, ಹಲ್ಲಿನ ಡಾಕ್ಟರೂ ಕಾಡಿನಲ್ಲಿ. ಆ ವಾರ ಹಲ್ಲುನೋವು ಬಂದವನು ದೇವರ ಮೇಲೆ ಭಾರ ಹಾಕಿ ಕೂರಬೇಕು. ಪತ್ತೇದಾರಿ ಸಾರ್ಜೆಂಟ್ ಡೋರೀನ್ ಕೊಸ್ಕಿಗೆ ಬೇಟೆಯ ಹುಚ್ಚಿರಲಿಲ್ಲ, ಹಾಗಾಗಿ ಪ್ರತಿ ವರ್ಷವೂ ಠಾಣೆ ಕಾಯುವ ಪಾಳಿ ಅವಳದೇ. ಡೆಪ್ಯುಟಿ ಬ್ರೆಂಟ್ ಪೆಲ್ಟೊ ಮಾತ್ರ ರಜೆ ರದ್ದಾಗಿದ್ದಕ್ಕೆ ಬೆಳಗಿನಿಂದ ಮುಖ ಗಂಟು ಹಾಕಿಕೊಂಡು ಕೂತಿದ್ದ.

"ಕೂತ್ಕೊಳ್ಳಿ ಮಿಸೆಸ್ ಹಕಲಾ," ಎಂದಳು ಡೋರೀನ್. "ಯಾರ ಮೇಲೆ ದೂರು?"

"ಅರ್ಲೋ ಟ್ರೆವಾರೋ."

ಬ್ರೆಂಟ್‌ನ ಪೆನ್ನು ನಿಂತಿತು. ಅರ್ಲೋ ಮತ್ತು ಐಲಿಯ ಗಂಡ ವೈನೋ ಒಟ್ಟಿಗೆ ಗಣಿಗೆ ಇಳಿದವರು. ಗಣಿ ಮುಚ್ಚಿದಾಗ ಒಟ್ಟಿಗೆ ಮರದ ಮಿಲ್ಲಿಗೆ ಸೇರಿದವರು. ಕಾಡಿನಲ್ಲಿ ಇಬ್ಬರಿಗೂ ಸೇರಿ ಒಂದೇ ಬೇಟೆಮನೆ ಕ್ಯಾಂಪು, ಒಂದೇ ಒಲೆ, ಹಬೆಸ್ನಾನಕ್ಕೆ ಒಂದೇ ಸೌನಾ.

"ಅರ್ಲೋ ಏನ್ ಮಾಡಿದ?"

"ತನ್ನ ಕಾಡತೂಸು ಕೊಟ್ಟ. ಇವ್ರು ಹಾಕ್ಕೊಂಡು ಹೊಡೆದ್ರು, ಕೋವಿ ಸಿಡೀತು. ಆಸ್ಪತ್ರೇಲಿ ಅವನೇ ನಂಗೆ ಹೇಳಿದ್ದು. ಅಳ್ತಾ ಹೇಳ್ದ. ಅತ್ರೆ ಆಯ್ತಾ?"

"ನಿನ್ನೆ ನಾವು ಅದನ್ನ ಆಕಸ್ಮಿಕ ಅಂತ..."

"ಬೇರೆಯವ್ರು ತುಂಬಿದ್ದನ್ನ ಹೊಡೀಬಾರ್ದು, ನಾವು ತುಂಬಿದ್ದನ್ನ ಬೇರೆಯವ್ರಿಗೆ ಕೊಡಬಾರ್ದು. ಇದು ಈ ಊರಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ನಿಂಗೂ ಗೊತ್ತು, ಡೋರೀನ್. ನಿಮ್ಮಪ್ಪನೂ ತುಂಬ್ತಿದ್ರು."

ಗೊತ್ತಿತ್ತು. ವೈನೋ ಮತ್ತು ಅರ್ಲೋ ಬಳಸುತ್ತಿದ್ದದ್ದು ಬ್ರಿಟಿಷ್ ಸೈನ್ಯದ ಹಳೆಯ ತ್ರೀ ನಾಟ್ ತ್ರೀ ರೈಫಲ್ಲು. ಒಂದು ಕಾಲದಲ್ಲಿ ಹಾರ್ಡ್‌ವೇರ್ ಅಂಗಡಿಯಲ್ಲಿ ಪೀಪಾಯಿಗೆ ತುರುಕಿಟ್ಟು ಸೌದೆಯ ಹಾಗೆ ಮಾರುತ್ತಿದ್ದರು. ಕೋವಿ ಅಗ್ಗ, ಅದರ ಕಾಡತೂಸು ದುಬಾರಿ. ಆದ್ದರಿಂದ ಹೊಡೆದು ಮುಗಿಸಿದ ಹಿತ್ತಾಳೆ ಕೊಳವೆಗಳನ್ನು ಹೆಕ್ಕಿ ತಂದು, ಉಜ್ಜಿ, ಬುಡಕ್ಕೆ ಕಿಡಿ ಕೊಡುವ ಹೊಸ ಕೇಪು ಕೂರಿಸಿ, ಮದ್ದು ತೂಗಿ ಹಾಕಿ, ಬಾಯಿಗೆ ಗುಂಡು ಒತ್ತಿ ಮತ್ತೆ ಹೊಡೆಯುವುದು. ಚಳಿಗಾಲದ ಸಂಜೆಗಳು ಇಲ್ಲಿ ಹೀಗೆಯೇ ಕಳೆಯುತ್ತವೆ. ಆದರೆ ಒಬ್ಬರ ಅಳತೆ ಇನ್ನೊಬ್ಬರ ಕೋವಿಗೆ ಆಗಿಬರುವುದಿಲ್ಲ. ಹಲ್ಲುಜ್ಜುವ ಬ್ರಷ್ಷನ್ನು ಹೇಗೆ ಹಂಚಿಕೊಳ್ಳುವುದಿಲ್ಲವೋ, ಕಾಡತೂಸನ್ನೂ ಹಾಗೆಯೇ.

"ಮಿಸ್ಟರ್ ಹಕಲಾ ತಾವೇ ತುಂಬಿದ್ದೂ ಸಿಡಿದಿರ್ಬಹುದಲ್ವಾ?" ಡೋರೀನ್ ಮೆಲ್ಲಗೆ ಕೇಳಿದಳು.

"ಸಾಧ್ಯವೇ ಇಲ್ಲ. ಅವ್ರ ಕಾಡತೂಸಿಂದ ಒಂದು ಇರುವೆಗೂ ಏಟಾಗ್ತಿರ್ಲಿಲ್ಲ."

ನಲವತ್ತು ವರ್ಷ ಗಂಡನ ಕೈಕೆಲಸ ನೋಡಿದ ಹೆಂಗಸಿನ ಅಭಿಮಾನ ಎಂದುಕೊಂಡಳು ಡೋರೀನ್. ದೂರು ದಾಖಲಾಯಿತು. ಐಲಿ ಸಹಿ ಹಾಕಿ, ಪೆನ್ನಿನ ಮುಚ್ಚಳ ಮುಚ್ಚಿಟ್ಟು ಹೋದಳು.

"ಇದು ಬೇಕಿತ್ತಾ ಸಾರ್ಜೆಂಟ್?" ಎಂದ ಬ್ರೆಂಟ್. "ಪಾಪ, ಅರ್ಲೋ ಈಗಾಗ್ಲೇ ಅರ್ಧ ಸತ್ತಿದಾನೆ."

"ದೂರು ಬಂದ್ಮೇಲೆ ನಮ್ದೇನಿದೆ? ಹೊರಡು."

ಮಧ್ಯಾಹ್ನ ಹನ್ನೆರಡಕ್ಕೆ ಇಬ್ಬರೂ ಕ್ಯಾಂಪು ಮುಟ್ಟಿದರು. ಅರ್ಲೋ ಒಲೆಯ ಮುಂದೆ ಕೂತಿದ್ದ. ಮೇಜಿನ ಮೇಲೆ ಆಲೂಗಡ್ಡೆ ಮಾಂಸದ ಪಾಸ್ಟಿಗಳೆರಡು ಕಾಗದ ಬಿಚ್ಚದೆ ಬಿದ್ದಿದ್ದವು. ಮೊನ್ನೆ ಐಲಿ ಇಬ್ಬರಿಗೂ ಎಂದು ಕಟ್ಟಿ ಕಳಿಸಿದ್ದು.

"ನನ್ ಮೇಲೆ ದೂರಾ? ಐಲಿನಾ ಕೊಟ್ಟಿದ್ದು?" ಅವನು ಕೆಂಪು ಕಣ್ಣು ಒರೆಸಿಕೊಂಡ. "ಬರ್ಕೊಳ್ಳಿ. ಕೊಟ್ಟಿದ್ದು ನಾನೇ. ಜೈಲಿಗೆ ಹಾಕ್ತೀರಾದ್ರೆ ಈಗ್ಲೇ ನಡೀರಿ, ಇಲ್ಲಿ ಒಬ್ನೇ ಕೂರೋಕಾಗ್ತಿಲ್ಲ ನಂಗೆ."

"ಮೊದ್ಲು ನಡೆದಿದ್ದು ಹೇಳಿ. ಎಲ್ಲಿದ್ರಿ?"

"ಮರದ ಮೇಲೆ ಕಟ್ಟಿದ ಬೇಟೆ ಗೂಡಲ್ಲಿ. ಇಬ್ರೂ. ಮುಂಚೆ ಬೇರೆ ಬೇರೆ ಕೂರ್ತಿದ್ವಿ, ಈಗ ಏಣಿ ಹತ್ತೋಕೆ ಒಬ್ರಿಗೊಬ್ರು ಬೇಕಲ್ಲ. ಬೆಳಕು ಹರೀತಿದ್ದ ಹಾಗೇ ಬಂತು. ಹತ್ತು ಕೊಂಬಿನ ಗಂಡು. ಹೊಡಿ ಅಂದೆ. ಅವನು ಟ್ರಿಗರ್ ಎಳೆದ. ಚಿಟ್ ಅಂತು, ಅಷ್ಟೆ."

"ಜಿಂಕೆ?"

"ಕಿವಿ ಎತ್ತಿ ನೋಡ್ತು, ನಿಂತೇ ಇತ್ತು. ವೈನೋ ಬೋಲ್ಟು ಎಳೆದು ಆ ಕಾಡತೂಸನ್ನ ಆಚೆ ಎಸೆದ. ಹಾಳಾದ್ ಕೇಪು ಅಂತ ಬೈದ. ಈ ವರ್ಷ ಕೇಪಿನ ಕಥೆ ನಿಮಗೇ ಗೊತ್ತಲ್ಲ."

ಎಲ್ಲರಿಗೂ ಗೊತ್ತಿದ್ದದ್ದೇ. ವರ್ಷವಿಡೀ ದೇಶದ ಯಾವ ಅಂಗಡಿಯಲ್ಲೂ ಕೇಪು ಇರಲಿಲ್ಲ. ತಾತಂದಿರ ಕಾಲದ ಡ್ರಾಯರು ಕೆದಕಿ, ತೇವ ಹಿಡಿದ ಹಳೆಯ ಕೇಪುಗಳನ್ನು ಹುಡುಕಿ ಹಾಕಿಕೊಂಡು ಜನ ಕಾಡಿಗೆ ಹೋಗಿದ್ದರು. ಟ್ರಿಗರ್ ಎಳೆದರೆ ಠುಸ್ ಎಂದರೂ ಯಾರೂ ಆಶ್ಚರ್ಯ ಪಡುವ ವರ್ಷವಾಗಿರಲಿಲ್ಲ ಅದು.

"ಆಮೇಲೆ?"

"ನಂದು ಕೆಟ್ಟಿದೆ, ನಿಂದೊಂದು ಕೊಡು ಅಂತ ಪಿಸುಗುಟ್ಟಿ ಕೈ ಚಾಚಿದ. ಕೊಟ್ಟೆ."

"ಬೇರೆಯವ್ರದ್ದು ಹೊಡೀಬಾರ್ದು ಅಂತ ಇಬ್ರಿಗೂ ಗೊತ್ತಿತ್ತಲ್ಲ?"

"ಹತ್ತು ಕೊಂಬು ಎದುರಿಗೆ ನಿಂತಿರುವಾಗ ಶಾಸ್ತ್ರ ಯಾರಿಗಮ್ಮ ನೆನಪಿರುತ್ತೆ? ಮತ್ತೆ, ನಾವಿಬ್ರೂ ಬೇರೆಯವ್ರಾ? ಒಂದೇ ಡಬ್ಬಿ ಮದ್ದು, ಒಂದೇ ತಕ್ಕಡಿ. ಅವನ ಗ್ಯಾರೇಜಲ್ಲೇ ಕೂತು ತುಂಬಿದ್ದು ನಾನೂ." ಅರ್ಲೋ ತನ್ನ ಅಂಗೈ ನೋಡಿಕೊಂಡ. "ಕೈಯಿಂದ ಕೈಗೆ ಕೊಟ್ಟೆ. ಇನ್ನೂ ಬೆಚ್ಚಗಿತ್ತು, ನನ್ ಜೇಬಲ್ಲಿದ್ದು."

ಅವನ ಉಳಿದ ಕಾಡತೂಸುಗಳನ್ನು ಡೋರೀನ್ ವಶಕ್ಕೆ ತೆಗೆದುಕೊಂಡಳು. ಬ್ರೆಂಟ್ ಗೂಡಿನ ಕೆಳಗೆ ಹೋಗಿ ಮರದ ದಿಮ್ಮಿಗೆ ಗುರಿಯಿಟ್ಟು ಅರ್ಲೋನ ರೈಫಲ್ಲಿನಿಂದಲೇ ಎರಡನ್ನು ಹೊಡೆದು ನೋಡಿದ. ಎರಡೂ ಸೊಗಸಾಗಿ ಹಾರಿದವು. ಅರ್ಲೋನ ಅಳತೆಯಲ್ಲಿ ತಪ್ಪಿರಲಿಲ್ಲ. ಹಾಗಿದ್ದರೆ ಕೋವಿ ಸಿಡಿದದ್ದೇಕೆ?

"ಆ ಮೊದಲ್ನೇ ಕಾಡತೂಸು," ಎಂದಳು ಡೋರೀನ್. "ಬೋಲ್ಟು ಎಳೆದು ಎಸೆದನಲ್ಲ, ಅದೆಲ್ಲಿ?"

ಹಿಂದಿನ ದಿನದ ಮಹಜರಿನಲ್ಲಿ ಅದರ ಮಾತೇ ಇರಲಿಲ್ಲ. ಆಕಸ್ಮಿಕ ಎಂದು ಬರೆದ ಮೇಲೆ ಯಾರು ಹಿಮ ಕೆದಕುತ್ತಾರೆ? ಇಬ್ಬರೂ ಗೂಡಿನ ಕೆಳಗೆ ಮೊಣಕಾಲೂರಿದರು. ಕ್ಯಾಂಪಿನ ಅಡುಗೆಮನೆಯಿಂದ ಅರ್ಲೋ ಹಿಟ್ಟು ಜರಡಿ ತಂದುಕೊಟ್ಟ. ತನ್ನ ಮೇಲಿನ ದೂರಿನ ತನಿಖೆಗೆ ತಾನೇ ಜರಡಿ ತಂದುಕೊಟ್ಟ ಆರೋಪಿಯನ್ನು ಬ್ರೆಂಟ್ ಅದೇ ಮೊದಲು ನೋಡಿದ್ದು.

"ಲೋ ಬ್ರೆಂಟ್, ಹಿಮ ಜರಡಿ ಹಿಡಿಯೋದೂ ಬರಲ್ವಲ್ಲೋ ನಿಂಗೆ," ಅರ್ಲೋ ಅಭ್ಯಾಸಬಲದಿಂದ ರೇಗಿಸಿದ. "ನಿನ್ ಗುರಿ ನೋಡಿ ಜಿಂಕೆಗಳು ನಗ್ತಾವೆ, ಈಗ ಇದನ್ನ ನೋಡಿ..." ಮಾತು ಅಷ್ಟಕ್ಕೇ ಬಿಟ್ಟು ಕ್ಯಾಂಪಿನ ಕಡೆ ತಿರುಗಿದ.

ಕತ್ತಲಾಗುವ ಮುಂಚೆ ಹಿತ್ತಾಳೆ ಸಿಕ್ಕಿತು. ಡೋರೀನ್ ಅದನ್ನು ಬೆಳಕಿಗೆ ಹಿಡಿದಳು. ಬುಡದ ಕೇಪಿಗೆ ಕೋವಿಯ ಸೂಜಿ ಸರಿಯಾಗಿ ಹೊಡೆದಿತ್ತು, ಕೇಪು ಸಿಡಿದೂ ಇತ್ತು. ಕೆಟ್ಟ ಕೇಪಾಗಿದ್ದರೆ ಗುಂಡು ಬಾಯಲ್ಲೇ ಕೂತಿರಬೇಕಿತ್ತು. ಬಾಯಿ ಖಾಲಿ. ಮದ್ದು ಉರಿದಿದ್ದರೆ ಒಳಗೆ ಮಸಿ ಹಿಡಿದಿರಬೇಕಿತ್ತು. ಒಳಗೆ ಹೊಸ ಲೋಟದ ಹಾಗೆ ಚೊಕ್ಕ.

"ಗುಂಡು ಹೋಯ್ತೆಲ್ಲಿ?" ಎಂದ ಬ್ರೆಂಟ್.

ಡೋರೀನ್ ಹಿಮದ ಮೇಲೆಯೇ ಕೂತುಬಿಟ್ಟಳು. "ಎಲ್ಲೂ ಹೋಗ್ಲಿಲ್ಲ. ಇದ್ರೊಳಗೆ ಮದ್ದೇ ಇರ್ಲಿಲ್ಲ ಬ್ರೆಂಟ್. ಕೇಪಿನ ಉಸಿರಿಗೆ ಗುಂಡು ನಳಿಗೆಯೊಳಗೆ ಒಂದು ಗೇಣು ಹೋಗಿ ಸಿಕ್ಕಿಹಾಕ್ಕೊಂಡಿದೆ. ಅದ್ರ ಹಿಂದೆ ಮದ್ದು ತುಂಬಿದ ಅರ್ಲೋನ ಕಾಡತೂಸು."

ಗುಂಡು ಹೊರಹೋಗಲು ದಾರಿಯಿಲ್ಲ. ನಳಿಗೆ ಬಾಯಿ ಬಿಟ್ಟದ್ದು ಹಿಂದಕ್ಕೆ, ವೈನೋನ ಮುಖಕ್ಕೆ.

ಬುಧವಾರ ಬೆಳಗ್ಗೆ ಡೋರೀನ್ ಸಾಕ್ಷ್ಯದ ಕಪಾಟು ತೆಗೆದಳು. ವೈನೋನ ಕೋವಿಯಿಂದ ತೆಗೆದಿಟ್ಟಿದ್ದ ಕಾಡತೂಸುಗಳು ನಾಲ್ಕು. ಅರ್ಲೋನದೊಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಮದ್ದು ಸರಸರ ಎಂದಿತು. ವೈನೋನದೊಂದನ್ನು ಅಲ್ಲಾಡಿಸಿದಳು. ಸದ್ದಿಲ್ಲ. ಇನ್ನೊಂದು, ಮತ್ತೊಂದು, ಕೊನೆಯದು. ಎಲ್ಲವೂ ಮೂಕ.

"ಮುದುಕ ಮದ್ದು ಹಾಕೋದನ್ನೇ ಮರೆತಿದಾನೆ," ಎಂದ ಬ್ರೆಂಟ್.

"ಒಂದಕ್ಕೆ ಮರೀಬಹುದು. ಐದಕ್ಕೂ?"

ರೈಫಲ್ಲೂ ಕಾಡತೂಸುಗಳೂ ಪ್ರಯೋಗಾಲಯಕ್ಕೆ ಹೋದವು. ವರದಿ ಶುಕ್ರವಾರ ಸಂಜೆ ಬಂತು. ನಳಿಗೆಯೊಳಗೆ ಗುಂಡುಗಳು ಎರಡು, ಒಂದರ ಬೆನ್ನಿಗೊಂದು. ನಾಲ್ಕೂ ಕಾಡತೂಸುಗಳಲ್ಲಿ ಮದ್ದಿಲ್ಲ. ಆದರೆ ಒಂದರ ಗೋಡೆಗೆ ಮದ್ದಿನ ಒಂದು ಕಾಳು ಅಂಟಿಕೊಂಡಿತ್ತು. ಹಿತ್ತಾಳೆಯ ಬಾಯಿ ಗುಂಡನ್ನು ಎರಡು ಸಲ ಹಿಡಿದ ಗುರುತಿತ್ತು. ಎಂದರೆ ವೈನೋ ಸರಿಯಾಗಿಯೇ ತುಂಬಿದ್ದ. ಆಮೇಲೆ ಯಾರೋ ಗುಂಡು ಕಿತ್ತು, ಮದ್ದು ಸುರಿದು, ಗುಂಡನ್ನು ಮತ್ತೆ ಕೂರಿಸಿದ್ದರು.

ಬ್ರೆಂಟ್ ಎದ್ದು ನಿಂತ. "ಕೊಲೆ! ಬುದ್ಧಿವಂತ ಕೊಲೆ ಸಾರ್ಜೆಂಟ್."

"ಕೂತ್ಕೋ. ಕೊಲೆ ಮಾಡೋವ್ನು ಐದನ್ನೂ ಖಾಲಿ ಮಾಡ್ತಾನಾ? ಹಿಂದಿಂದ ತುಂಬಿದ್ದು ಬಂದ್ರೆ ತಾನೇ ಸಿಡಿಯೋದು? ಅರ್ಲೋ ತನ್ನದನ್ನ ಕೊಡ್ತಾನೆ ಅಂತ ಯಾರಿಗೆ ಗೊತ್ತಿತ್ತು? ಇದನ್ನ ಮಾಡಿದವ್ರಿಗೆ ಕೋವಿ ಸಿಡೀಬೇಕಿರ್ಲಿಲ್ಲ. ಅದು ಹೊಡೀಲೇಬಾರ್ದು, ಅಷ್ಟೇ ಬೇಕಿತ್ತು."

ಹೇಳಿ ಮುಗಿಸುವಷ್ಟರಲ್ಲಿ ಅವಳಿಗೆ ಮಂಗಳವಾರದ ಮಾತೊಂದು ನೆನಪಾಯಿತು. ಇರುವೆಗೂ ಏಟಾಗ್ತಿರ್ಲಿಲ್ಲ ಎಂದಿದ್ದಳಲ್ಲ ಐಲಿ. ಅದು ಅಭಿಮಾನದ ಮಾತಾಗಿರಲಿಲ್ಲ. ಗೊತ್ತಿದ್ದವರ ಮಾತು.

ಆ ಕ್ಷಣಕ್ಕೆ ಕಡತ ಮುಚ್ಚಿ ಒಲೆಗೆ ಹಾಕಿಬಿಡೋಣ ಅನ್ನಿಸಿದ್ದು ಸುಳ್ಳಲ್ಲ. ಐಲಿ ದೂರು ಕೊಡದೇ ಇದ್ದಿದ್ದರೆ ಇದು ಆಕಸ್ಮಿಕ ಎಂದೇ ಮುಗಿದುಹೋಗುತ್ತಿತ್ತು. ಪ್ರಾಸಿಕ್ಯೂಟರಿಗೆ ಫೋನು ಮಾಡಿ, ಬಿಟ್ಟುಬಿಡಲು ದಾರಿಯಿದೆಯೇ ಎಂದು ಸುತ್ತುಬಳಸಿ ಕೇಳಿದಳು. "ಒಬ್ಬ ಸತ್ತಿದಾನೆ, ದೂರಿದೆ, ಲ್ಯಾಬ್ ವರದಿ ನನ್ ಮೇಜಿನ ಮೇಲೂ ಇದೆ," ಎಂದ ಅವನು. "ಬಿಡೋಕೆ ನಾನ್ಯಾರು, ನೀನ್ಯಾರು?" ಶೋಧನೆಯ ವಾರಂಟು ಮರುದಿನ ಬೆಳಗ್ಗೆಯೇ ಕೈಗೆ ಬಂತು.

ಶನಿವಾರ ಮಧ್ಯಾಹ್ನ ಎರಡಕ್ಕೆ ಹಕಲಾ ಮನೆಯ ಬಾಗಿಲು ತಟ್ಟಿದಾಗ ಒಳಗಿನಿಂದ ಏಲಕ್ಕಿಯ ಘಮ ಬಂತು. ಸೋಮವಾರದ ಶವಸಂಸ್ಕಾರಕ್ಕೆ ಐಲಿ ನಿಸು ಬ್ರೆಡ್ಡು ಬೇಯಿಸುತ್ತಿದ್ದಳು. ಜಡೆ ಹೆಣೆದಂತೆ ಹೆಣೆದ ಬ್ರೆಡ್ಡುಗಳು ಮೇಜಿನ ತುಂಬ ಆರುತ್ತಿದ್ದವು.

"ಕಾಫಿ ಕುಡೀರಿ," ಎಂದಳು. ವಾರಂಟು ತೋರಿಸಿದರೂ, "ಕಾಫಿ ಕುಡಿದು ಹುಡುಕಿ," ಎಂದಳು.

ಗ್ಯಾರೇಜಿನಲ್ಲಿ ವೈನೋನ ಮೇಜು ಅಚ್ಚುಕಟ್ಟಾಗಿತ್ತು. ಕಾಡತೂಸು ಒತ್ತುವ ಯಂತ್ರಕ್ಕೆ ಬಟ್ಟೆ ಹೊದಿಸಿತ್ತು. ಗುಂಡು ಕೀಳುವ ಪ್ಲಾಸ್ಟಿಕ್ ಸುತ್ತಿಗೆ ಮೊಳೆಗೆ ತೂಗುತ್ತಿತ್ತು. ಅಳತೆ ತಪ್ಪಿದ ಕಾಡತೂಸನ್ನು ಅದರೊಳಗೆ ಸಿಕ್ಕಿಸಿ ನೆಲಕ್ಕೆ ನಾಲ್ಕು ಬಾರಿ ಕುಟ್ಟಿದರೆ ಗುಂಡೂ ಮದ್ದೂ ಕಳಚಿಕೊಳ್ಳುತ್ತವೆ. ಈ ಊರಿನ ಪ್ರತಿ ಗ್ಯಾರೇಜಿನಲ್ಲೂ ಇರುವ ವಸ್ತು, ಅದರಿಂದ ಏನೂ ಸಾಬೀತಾಗದು. ಬ್ರೆಂಟ್ ಎಲ್ಲದರ ಫೋಟೋ ತೆಗೆದ. ಡೋರೀನ್ ಅಡುಗೆಮನೆಗೆ ಮರಳಿದಳು. ಏನೂ ಸಿಗದಿದ್ದರೆ ಒಳ್ಳೆಯದಿತ್ತು ಎಂದು ಅವಳ ಮನಸ್ಸು ಹೇಳುತ್ತಿತ್ತು.

ಕಿಟಕಿಯ ಹಲಗೆಯ ಮೇಲೆ ಜೆರೇನಿಯಂ ಕುಂಡಗಳಿದ್ದವು, ಚಳಿಗೆಂದು ಒಳಗೆ ತಂದಿಟ್ಟವು. ನಡುವಿನ ಕುಂಡದ ಮಣ್ಣಿನ ಮೇಲೆ ಪೆನ್ಸಿಲ್ ಸೀಸ ಕತ್ತರಿಸಿ ಚೆಲ್ಲಿದಂಥ ಬೂದು ಚೂರುಗಳು. ಡೋರೀನ್ ಬೆರಳಿಗೆ ಒಂದನ್ನು ಅಂಟಿಸಿಕೊಂಡು ನೋಡಿದಳು. ನೋಡುವ ಅಗತ್ಯವೇನೂ ಇರಲಿಲ್ಲ. ಕೆಟ್ಟ ಮದ್ದನ್ನು ಕಸಕ್ಕೆ ಹಾಕಬಾರದು, ಹೂವಿನ ಬುಡಕ್ಕೆ ಹಾಕಬೇಕು, ಒಳ್ಳೆಯ ಗೊಬ್ಬರ ಎಂದು ಅವಳ ಅಮ್ಮನೂ ಹಾಕುತ್ತಿದ್ದಳು. ಇಲ್ಲಿನ ಹೆಂಗಸರು ಏನನ್ನೂ ದಂಡ ಮಾಡುವವರಲ್ಲ.

"ಮಿಸೆಸ್ ಹಕಲಾ, ಇದು ಯಾವಾಗ ಹಾಕಿದ್ದು?"

ಐಲಿ ಒಲೆಯ ಕಡೆಯಿಂದ ತಿರುಗಲಿಲ್ಲ. "ಹದಿಮೂರನೇ ತಾರೀಕು."

"ವಕೀಲರು ಬರೋವರ್ಗೂ ನೀವು ಮಾತಾಡ್ಬೇಕಾಗಿಲ್ಲ. ಮಾತಾಡಿದ್ರೆ ಅದು..."

"ಗೊತ್ತು, ಟೀವೀಲಿ ನೋಡಿದೀನಿ. ಕೇಳು."

"ಐದೂ ನೀವೇ ಬಿಚ್ಚಿದ್ದಾ?"

"ನಾನೇ. ಅವ್ರು ಮಧ್ಯಾಹ್ನ ಅರ್ಲೋ ಜೊತೆ ಕ್ಯಾಂಪಿಗೆ ಸೌದೆ ಹಾಕೋಕೆ ಹೋಗಿದ್ರು. ಸುತ್ತಿಗೇಲಿ ಕುಟ್ಟಿ ತೆಗೆದೆ, ಯಂತ್ರದಲ್ಲಿ ಮತ್ತೆ ಒತ್ತಿದೆ. ನಲವತ್ತು ವರ್ಷ ಅವ್ರ ಪಕ್ಕ ಕೂತು ಹಿತ್ತಾಳೆ ಉಜ್ಜಿದೀನಿ. ಬರಲ್ವಾ ನಂಗೆ?"

"ಯಾಕೆ?"

ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆಯನ್ನು ಗಂಟುಕಟ್ಟಿ ಇಟ್ಟುಕೊಂಡ ಊರು ಇದು. ಒಂದೊಂದು ಮನೆಯಲ್ಲೂ ಬಂಗಾರ ಕೊಳೆತು ನಾರುತ್ತಿದೆ, ಯಾರೂ ಬೆಳ್ಳಿ ಖರ್ಚು ಮಾಡುವುದಿಲ್ಲ.

"ಅವ್ರ ತಮ್ಮ ಉರ್ಹೊ ಹೋಗಿದ್ದು ಹೇಗೆ ಅಂತ ನಿಂಗೆ ಗೊತ್ತಲ್ಲ. ಅದೂ ನವೆಂಬರೇ. ತನ್ನ ಕೋವಿಯಿಂದ ತಾನೇ." ಐಲಿ ಕೈಯ ಹಿಟ್ಟನ್ನು ಒಂದೊಂದೇ ಬೆರಳಿನಿಂದ ಉಜ್ಜಿ ತೆಗೆಯತೊಡಗಿದಳು. "ಮಾರ್ಚಲ್ಲಿ ಒಂದಿನ ಇವ್ರನ್ನ ಊಟಕ್ಕೆ ಕರೆಯೋಕೆ ಗ್ಯಾರೇಜಿಗೆ ಹೋದೆ. ದೀಪ ಹಾಕಿರ್ಲಿಲ್ಲ. ಕೋವಿ ತೊಡೆ ಮೇಲಿಟ್ಕೊಂಡು ಸುಮ್ನೆ ಕೂತಿದ್ರು. ಏನ್ಮಾಡ್ತಿದೀರಿ ಅಂದೆ. ಒರೆಸ್ತಿದೀನಿ ಅಂದ್ರು. ಕೈಯಲ್ಲಿ ಬಟ್ಟೆ ಇರ್ಲಿಲ್ಲ."

"ಆಮೇಲೆ ಕೇಳಿದ್ರಾ?"

"ಏನಂತ ಕೇಳೋದು? ಸಾಯ್ಬೇಕು ಅಂತಿದೀರಾ ಅಂತಾನಾ? ಕೇಳಿದ್ರೆ ಅವ್ರು ಹೇಳ್ತಿದ್ರಾ?" ಅವಳ ಸ್ವರ ಮೊದಲ ಬಾರಿಗೆ ಏರಿತು. "ಪ್ರತಿ ವರ್ಷ ಒಂದು ಪೆಟ್ಟಿಗೆ ತುಂಬ್ತಿದ್ರು. ಇಪ್ಪತ್ತು. ಗುರಿ ನೋಡೋಕೆ, ಬೇಟೆಗೆ, ಮಿಕ್ಕಿದ್ದು ಮುಂದಿನ ವರ್ಷಕ್ಕೆ. ಈ ವರ್ಷ, ಕೇಪು ಸಿಕ್ತು ಅಂತ ಹೇಳಿದ್ಮೇಲೂ, ಐದು. ಮುಂದಿನ ವರ್ಷಕ್ಕೆ ಬೇಡವೇನೋ ಅನ್ನೋ ಹಾಗೆ ಐದೇ ತುಂಬಿ ಯಂತ್ರಕ್ಕೆ ಬಟ್ಟೆ ಹೊದಿಸಿಬಿಟ್ರು. ನಂಗೆ ನಿದ್ದೆ ಬರ್ಲಿಲ್ಲ ಡೋರೀನ್."

"ಕೋವಿನೇ ಬಚ್ಚಿಡಬಹುದಿತ್ತಲ್ಲ?"

"ಹದಿನೈದನೇ ತಾರೀಕು ಕೋವಿ ಇಲ್ದೆ ಕ್ಯಾಂಪಿಗೆ ಕಳಿಸ್ಲಾ ಅವ್ರನ್ನ? ಅವತ್ತೇ ಸಾಯ್ತಿದ್ರು ನಾಚಿಕೆಗೆ." ಐಲಿ ಕುರ್ಚಿ ಎಳೆದುಕೊಂಡು ಕೂತಳು. "ಮದ್ದಿಲ್ದಿದ್ರೆ ಚಿಟ್ ಅನ್ನುತ್ತೆ, ಅಷ್ಟೇ ಅಂದ್ಕೊಂಡೆ. ಜಿಂಕೆ ಮುಂದೆ ಆದ್ರೆ ಜಿಂಕೆ ತಪ್ಪುತ್ತೆ. ತನ್ಮೇಲೆ ತಿರುಗಿಸ್ಕೊಂಡ್ರೆ ಇವ್ರು ಉಳೀತಾರೆ. ನಾಚ್ಕೊಂಡು ಮನೆಗೆ ಬರ್ತಾರೆ, ಆಗ ನಾನು ಕೇಳ್ತೀನಿ. ಹಾಗೆ ಲೆಕ್ಕ ಹಾಕಿದ್ದೆ. ಆ ಅರ್ಲೋ ಮಧ್ಯೆ ಬಂದು ತನ್ನದನ್ನ..."

ಆಗ ಡೋರೀನ್‌ಗೆ ಅರ್ಥವಾಯಿತು. ಇವಳಿಗೆ ಇನ್ನೂ ಗೊತ್ತಿಲ್ಲ. ಹಿತ್ತಾಳೆ ಉಜ್ಜಿದ್ದಾಳೆ, ಕೇಪು ಕೂರಿಸಿದ್ದಾಳೆ, ಮದ್ದು ತೂಗಿದ್ದಾಳೆ. ಆದರೆ ಈ ಮನೆಗಳ ಹೆಂಗಸರು ಮೇಜಿನ ತನಕ ಬರುತ್ತಾರೆ, ಕ್ಯಾಂಪಿಗಲ್ಲ. ಐಲಿ ಒಂದೇ ಒಂದು ಸಲವೂ ಟ್ರಿಗರ್ ಎಳೆದವಳಲ್ಲ. ಮದ್ದಿಲ್ಲದ ಕಾಡತೂಸು ನಳಿಗೆಯಲ್ಲಿ ಏನು ಮಾಡುತ್ತದೆಂದು ಗಂಡಸರಿಗೆ ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ, ಅದನ್ನು ಹೇಳಬೇಕೆಂದು ಯಾರಿಗೂ ಹೊಳೆದೇ ಇರಲಿಲ್ಲ.

ಹೇಳುವ ಕೆಲಸ ಈಗ ಡೋರೀನ್ ಪಾಲಿಗೆ ಬಂದಿತ್ತು. ಅವಳು ಹೇಳಿದಳು. ಕೇಪಿಗೂ ಒಂದಿಷ್ಟು ಬಲವಿರುತ್ತದೆ, ಗುಂಡು ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ, ಹಿಂದಿನಿಂದ ಬರುವುದಕ್ಕೆ ದಾರಿ ಇರುವುದಿಲ್ಲ. ಮಗುವಿಗೆ ಹೇಳಿದಂತೆ, ಆದಷ್ಟು ಚಿಕ್ಕ ಮಾತುಗಳಲ್ಲಿ.

ಐಲಿ ಕೇಳಿಸಿಕೊಂಡಳು. "ಹಾಗಾದ್ರೆ ಅರ್ಲೋದಲ್ಲ," ಎಂದಳು.

"ಅಲ್ಲ."

"ನನ್ನದು."

ಬಾಗಿಲಲ್ಲಿ ನಿಂತಿದ್ದ ಬ್ರೆಂಟ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಆ ದೂರು," ಎಂದಳು ಐಲಿ, "ಅದನ್ನ ವಾಪಸ್ ತಗೋಬಹುದಾ?"

"ಆಗಲ್ಲ ಮಿಸೆಸ್ ಹಕಲಾ."

"ಅರ್ಲೋಗಾಗಿ ಕೇಳಿದೆ. ಪಾಪ, ಅವನ ಹೆಸ್ರು ಅದ್ರಲ್ಲಿ ಇದೆಯಲ್ಲ."

ಅಜಾಗರೂಕತೆಯಿಂದಾದ ನರಹತ್ಯೆಯ ಆರೋಪದ ಮೇಲೆ ಐಲಿ ಹಕಲಾಳನ್ನು ಬಂಧಿಸಲಾಗಿದೆ ಎಂದು ಡೋರೀನ್ ವಿಧಿಪ್ರಕಾರ ಹೇಳಿದಳು. ಆಗ ಮಧ್ಯಾಹ್ನ ಮೂರೂ ಕಾಲು. ಒಲೆಯೊಳಗೆ ಕೊನೆಯ ಬ್ರೆಡ್ಡು ಇನ್ನೂ ಬೇಯುತ್ತಿತ್ತು. ಅದು ಬೇಯುವವರೆಗೆ ಕಾಯಬೇಕೆಂದು ಕಾನೂನಿನಲ್ಲಿ ಎಲ್ಲೂ ಇಲ್ಲ, ಕಾಯಬಾರದೆಂದೂ ಇಲ್ಲ. ಮೂವರೂ ಕೂತು ಕಾದರು. ಬ್ರೆಡ್ಡು ಹೊರಬಂದ ಮೇಲೆ ಐಲಿ ಒಲ್ಲಿಬಟ್ಟೆ ಹೊದಿಸಿ, ಗ್ಯಾಸು ಆರಿಸಿ, ಕೋಟು ಹಾಕಿಕೊಂಡಳು. ಬ್ರೆಂಟ್ ಕೈಕೋಳ ಹೊರತೆಗೆಯಲಿಲ್ಲ, ಡೋರೀನ್ ಕೇಳಲೂ ಇಲ್ಲ.

ಠಾಣೆಗೆ ಬಂದ ಅರ್ಧ ಗಂಟೆಯಲ್ಲಿ ಅರ್ಲೋ ಬಾಗಿಲು ಬಡಿದುಕೊಂಡು ಬಂದ. ಈ ಊರಿನಲ್ಲಿ ಸುದ್ದಿಗೆ ಮಾತ್ರ ಕಾಲಿಗೆ ಚಕ್ರ.

"ಬಿಡಿ ಅವಳನ್ನ! ಯಾರ್ ಹೇಳಿದ್ದು ಒಳಗೆ ಹಾಕಿ ಅಂತ? ನಾನು ತಾನೇ ಕಾಡತೂಸು ಕೊಟ್ಟಿದ್ದು?"

"ಕೂತ್ಕೊಳ್ಳಿ ಅರ್ಲೋ. ನಿಮ್ಮ ಹೇಳಿಕೇಲಿ ಒಂದು ಪ್ರಶ್ನೆ ಬಿಟ್ಟುಹೋಗಿದೆ." ಕೇಳದಿದ್ದರೂ ನಡೆಯುತ್ತಿತ್ತು. ಆದರೆ ಆ ಐದು ಎಂಬ ಲೆಕ್ಕ ದಾರಿಯುದ್ದಕ್ಕೂ ಅವಳನ್ನು ಚುಚ್ಚಿತ್ತು. "ವೈನೋ ಯಾಕೆ ಐದೇ ತುಂಬಿದ್ದು? ಏನಾದ್ರೂ ಹೇಳಿದ್ನಾ?"

"ಹೇಳೋದೇನು? ಕೇಪು ಇದ್ದಿದ್ದೇ ಹತ್ತು. ಬೇಸಿಗೆಯಿಂದ ಊರೂರು ಅಲೆದು, ಸರೋವರದ ಆಚೆ ಯಾವುದೋ ಅಂಗಡಿ ಮುದುಕನ್ನ ಕಾಡಿಸಿ ಹತ್ತು ತಂದ. ನಂಗೆ ಒಂದೂ ಸಿಕ್ಕಿರ್ಲಿಲ್ಲ. ಅರ್ಧ ನಿಂಗೆ, ಅರ್ಧ ನಂಗೆ ಅಂತ ಎಣಿಸಿ ಕೊಟ್ಟ." ಅರ್ಲೋ ಅವಳ ಮುಖ ನೋಡಿ ಗಾಬರಿಯಾದ. "ಯಾಕೆ? ಏನಾಯ್ತು? ಹಾಗೆ ಕೊಡೋದೂ ತಪ್ಪಾ?"

ತಪ್ಪಲ್ಲ ಎಂದಳು ಡೋರೀನ್. ಅದನ್ನೂ ಬರೆದುಕೊಂಡು ಸಹಿ ಹಾಕಿಸಿಕೊಂಡಳು. ಮಾರ್ಚಿನ ಆ ಸಂಜೆ ವೈನೋ ದೀಪ ಹಾಕದೆ ಯಾಕೆ ಕೂತಿದ್ದನೆಂದು ಕೇಳಿದಳು. ಅರ್ಲೋಗೆ ಗೊತ್ತಿರಲಿಲ್ಲ. ಇನ್ನು ಯಾರಿಗೂ ಗೊತ್ತಾಗುವಂತಿರಲಿಲ್ಲ.

ಒಳಗಿನ ಕೋಣೆಯಲ್ಲಿ ಐಲಿ ಬೆಂಚಿನ ತುದಿಯಲ್ಲಿ ಕೂತಿದ್ದಳು. ಕೋಟಿನ ಗುಂಡಿ ಬಿಚ್ಚಿರಲಿಲ್ಲ.

"ಐದೇ ತುಂಬಿದ್ರು ಅಂದೆನಲ್ಲ, ಅದನ್ನ ಸರಿಯಾಗಿ ಬರ್ಕೊಂಡ್ಯಾ?" ಎಂದು ಕೇಳಿದಳು. "ಅದನ್ನ ನೋಡಿದ್ರೆ ಜಡ್ಜಿಗೆ ಅರ್ಥವಾಗುತ್ತೆ, ನಾನು ಸುಮ್ಮಸುಮ್ನೆ ಹೆದರ್ಕೊಳ್ಳಲಿಲ್ಲ ಅಂತ. ಅವ್ರ ಮನಸ್ಸಲ್ಲಿ ಇತ್ತು ಅದು. ಅಲ್ವಾ?"

ಅತ್ತ ದರಿ, ಇತ್ತ ಪುಲಿ. ಹೌದು ಎಂದರೆ, ನಾಳೆ ಅರ್ಲೋನ ಹೇಳಿಕೆಯ ಪ್ರತಿ ವಕೀಲರ ಕೈಯಿಂದ ಇವಳ ಕೈಗೆ ಬರುತ್ತದೆ. ನ್ಯಾಯಾಲಯದಲ್ಲಿ ಹತ್ತು ಜನರ ಎದುರು ಗಟ್ಟಿಯಾಗಿ ಓದುತ್ತಾರೆ. ಡೋರೀನ್ ಬೆಂಚಿನ ಮೇಲೆ ಅವಳ ಪಕ್ಕದಲ್ಲೇ ಕೂತಳು. ಇದಕ್ಕಿಂತ ಹೆಚ್ಚಿನದೇನೂ ಮಾಡಲು ಅವಳ ಕೈಯಲ್ಲಿರಲಿಲ್ಲ.

"ಕೇಪು ಇದ್ದಿದ್ದೇ ಹತ್ತಂತೆ," ಎಂದಳು. "ಅರ್ಲೋಗೆ ಎಲ್ಲೂ ಸಿಕ್ಕಿರ್ಲಿಲ್ವಂತೆ. ಅದಕ್ಕೆ ಅರ್ಧ ಅವನಿಗೆ ಕೊಟ್ರಂತೆ."

ಐಲಿ ಕೋಟಿನ ಮೇಲಿನ ಗುಂಡಿ ಬಿಚ್ಚಿ, ಮತ್ತೆ ಹಾಕಿಕೊಂಡಳು.

"ಅರ್ಧ ಅರ್ಲೋಗೆ," ಎಂದಳು. "ಹೂಂ. ಕೊಟ್ಟಿರ್ತಾರೆ. ಅವ್ರು ಹಂಗೇ."

ಭಾನುವಾರ ಆರೋಪಪಟ್ಟಿಯ ಕರಡು ಪ್ರಾಸಿಕ್ಯೂಟರನ ಮನೆಗೆ ಹೋಯಿತು. ಕೃತ್ಯದ ಉದ್ದೇಶ ಎಂಬಲ್ಲಿ ಡೋರೀನ್ ಬರೆದದ್ದು ಒಂದೇ ಸಾಲು: ಗಂಡ ಬದುಕಿರಲಿ ಎಂದು. ಪ್ರಾಸಿಕ್ಯೂಟರ್ ಫೋನು ಮಾಡಿ, ಅಲ್ಲಿ ಏನೋ ತಪ್ಪಾಗಿ ಬಿದ್ದಿರಬೇಕು, ನೋಡಿ ತಿದ್ದು ಎಂದ. ಡೋರೀನ್ ಇನ್ನೊಮ್ಮೆ ಓದಿದಳು. ತಿದ್ದುವಂಥದ್ದೇನೂ ಇಲ್ಲ ಸಾರ್ ಎಂದಳು.